ಬೇಲಿಯೂ ಹೊಲವೂ

ಬೇಲಿಯೇ ಎದ್ದು ಹೊಲ ಮೇಯ್ದರೆ ಕಾಯುವವರಾರು ಎಂಬ ಮಾತನ್ನು ಕೇಳದ ಕನ್ನಡಿಗರಿಲ್ಲ. ಲಂಚ ತಿನ್ನುವ ಗುಮಾಸ್ತನಿಂದ ಹಿಡಿದು ಹುಂಡಿಗೆ ಕೈಹಾಕುವ ಧರ್ಮದರ್ಶಿಯವರೆಗೆ ಎಲ್ಲರಿಗೂ ನಾವು ಈ ಗಾದೆಯನ್ನು ಧಾರಾಳವಾಗಿ ಅನ್ವಯಿಸುತ್ತೇವೆ. ಆದರೆ ನನಗೆ ತೋರುವಂತೆ, ಅದು ಎಲ್ಲಕ್ಕಿಂತ ಹೆಚ್ಚಾಗಿ ಒಪ್ಪುವುದು ದೇಶದ ಸೈನ್ಯಕ್ಕೆ. ಹೊಲಕ್ಕೆ ಬೇಲಿ ಬೇಕೇ ಬೇಕು. ಅದರ ಮುಳ್ಳು ಚೂಪಾಗಿಯೂ ಇರಬೇಕು. ಅಷ್ಟು ಚೂಪಾದ ಮುಳ್ಳು ಒಳಕ್ಕೆ ತಿರುಗದಂತೆ ತಡೆಯುವುದು ಯಾವುದು?

ಸೈನ್ಯದ ನೆರೆಯಲ್ಲಿ ಬಾಳುವುದು ಬೆಂಗಳೂರಿನವರಾದ ನಮಗೆ ಹೊಸದಲ್ಲ. ೧೭೯೯ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅಲ್ಲಿ ಬೀಡುಬಿಟ್ಟಿದ್ದ ಇಂಗ್ಲಿಷರ ಪಡೆ ೧೮೦೯ರಲ್ಲಿ ಬೆಂಗಳೂರಿಗೆ ಬಂದು ಹಲಸೂರಿನ ಬಳಿ ನೆಲೆಯೂರಿತು. ಅಂದಿನಿಂದ ಊರು ಎರಡಾಯಿತು: ಕೋಟೆಯ ಕಡೆಯದು ಪೇಟೆ, ಇತ್ತ ಕಡೆಯದು ದಂಡು. ೧೮೮೧ರಲ್ಲಿ ಮೈಸೂರು ರಾಜ್ಯ ಒಡೆಯರ ವಂಶಕ್ಕೆ ಮರಳಿದಾಗಲೂ ದಂಡು ಮಾತ್ರ ಇಂಗ್ಲಿಷರ ಕೈಯಲ್ಲೇ ಉಳಿಯಿತು; ಅದು ಮೈಸೂರಿಗೆ ಮರಳಿದ್ದು ೧೯೪೭ರಲ್ಲಿ. ಹೊಸ ತಿಪ್ಪಸಂದ್ರದಿಂದ ಹಲಸೂರಿನ ಮೇಲೆ ಹಾದು ಕಾಲೇಜಿಗೆ ಬರುವಾಗ, ೧೭೮೦ರಲ್ಲಿ ಹುಟ್ಟಿದ ಮದ್ರಾಸ್ ಸ್ಯಾಪರ್ಸ್ ಪಡೆಯ ಕೇಂದ್ರ ಇಲ್ಲಿಯೇ ಇದೆಯೆಂಬುದು ಯಾರಿಗೂ ವಿಶೇಷವಾಗಿ ತೋರುವುದಿಲ್ಲ. ಬಾಗಿಲಲ್ಲಿ ಬಂದೂಕು ಹಿಡಿದ ಪಹರೆಯವನು ನಿಂತಿರುತ್ತಾನೆ; ನಾವು ಬಸ್ಸಿನಲ್ಲಿ ಚಿಲ್ಲರೆಗಾಗಿ ಕಂಡಕ್ಟರರೊಡನೆ ಜಗಳವಾಡುತ್ತಿರುತ್ತೇವೆ. ಆತನನ್ನು ಕಂಡು ಯಾರೂ ದನಿ ತಗ್ಗಿಸುವುದಿಲ್ಲ. ಇದು ಎಂಥ ಭಾಗ್ಯವೆಂಬುದು ಅದು ಇರುವವರೆಗೆ ತಿಳಿಯುವುದಿಲ್ಲ.

ತಿಳಿಯುವುದಿಲ್ಲವೆಂಬುದಕ್ಕೆ ನಮ್ಮ ಮನೆಯೇ ಸಾಕ್ಷಿ. ನನ್ನ ವಿದ್ಯಾರ್ಥಿವೇತನಕ್ಕೆ ಬೇಕಾದ ಆದಾಯದ ಪ್ರಮಾಣಪತ್ರಕ್ಕಾಗಿ ತಂದೆಯವರು ಒಂದು ಕಛೇರಿಗೆ ಮೂರು ಸಲ ಅಲೆದರು. ಮೂರು ದಿನದ ಕೂಲಿ ಹೋಯಿತು. ನಮ್ಮ ವಂಶದಲ್ಲಿ ಪದವಿ ಪರೀಕ್ಷೆಗೆ ಕೂರುವವನು ನಾನೇ ಮೊದಲಿಗನಾದ್ದರಿಂದ ಆ ಒಂದು ಹಾಳೆಯ ಬೆಲೆ ಮನೆಯವರಿಗೆಲ್ಲ ಗೊತ್ತು. ಮೂರನೆಯ ದಿನ ಸಂಜೆ ಅಪ್ಪ ಚಪ್ಪಲಿ ಬಿಡುತ್ತಲೇ ಹೇಳಿದರು: “ಈ ದೇಶಾನ ಒಂದೈದು ವರ್ಷ ಮಿಲಿಟರಿ ಕೈಗೆ ಕೊಟ್ಟುಬಿಡಬೇಕು ಕಣೋ. ಆಗ ಎಲ್ಲಾ ನೆಟ್ಟಗಾಗ್ತಾರೆ.” ಈ ಮಾತನ್ನು ನಾನು ಚಹದಂಗಡಿಯಲ್ಲಿ, ಬಸ್ಸಿನಲ್ಲಿ, ಒಮ್ಮೊಮ್ಮೆ ಗೆಳೆಯರ ಬಾಯಲ್ಲೂ ಕೇಳಿದ್ದೇನೆ. ಅಪ್ಪನ ಸಿಟ್ಟು ನ್ಯಾಯವಾದುದು. ಅವರು ಹೇಳಿದ ಮದ್ದು ಮಾತ್ರ ನನ್ನನ್ನು ಬಹುದಿನ ಕಾಡಿತು.

ಮೊದಲು ನೆನೆಯಬೇಕಾದುದೆಂದರೆ, ಈ ಸೈನ್ಯ ಹುಟ್ಟುವಾಗ ನಮ್ಮದಾಗಿರಲಿಲ್ಲ. ೧೯೧೮ರ ಸೆಪ್ಟೆಂಬರ್ ೨೩ರಂದು ಮೈಸೂರಿನ ಲಾನ್ಸರ್ ಪಡೆಯವರು ಜೋಧಪುರದವರೊಡನೆ ಕುದುರೆಯೇರಿ ಹೋಗಿ ಹೈಫಾ ಪಟ್ಟಣವನ್ನು ಗೆದ್ದರು. ಅವರ ಶೌರ್ಯ ನಮ್ಮದು. ಗೆಲುವು ಮಾತ್ರ ಇಂಗ್ಲಿಷರ ಚಕ್ರಾಧಿಪತ್ಯಕ್ಕೆ ಸಂದಿತು. ಅವರ ನೆನಪಿಗೆಂದು ದೆಹಲಿಯಲ್ಲಿ ನಿಲ್ಲಿಸಿದ ಮೂರು ಪ್ರತಿಮೆಗಳಲ್ಲಿ ಒಂದು ಹೈದರಾಬಾದಿನದು, ಒಂದು ಜೋಧಪುರದ್ದು, ಇನ್ನೊಂದು ನಮ್ಮ ಮೈಸೂರಿನದು. ಅವುಗಳ ಎದುರಿಗೆ ಬಿಳಿಯ ಮಹಾದಂಡನಾಯಕನ ಬಂಗಲೆ ಎದ್ದಿತು. ಸ್ವಾತಂತ್ರ್ಯ ಬಂದ ಮೇಲೆ ಆ ಬಂಗಲೆಗೆ ವಾಸಕ್ಕೆ ಬಂದವರು ಯಾವ ದಂಡನಾಯಕರೂ ಅಲ್ಲ. ಪ್ರಧಾನಿ ನೆಹರೂ ಅವರು. ಮೈಸೂರಿನ ಯೋಧ ನಿಂತಲ್ಲೇ ನಿಂತಿದ್ದಾನೆ. ಆತ ಕಾಯುವ ಮನೆಯ ಯಜಮಾನ ಬದಲಾದ. ೧೯೫೫ರಲ್ಲಿ ಮಹಾದಂಡನಾಯಕ ಎಂಬ ಪದವಿಯೇ ಹೋಗಿ ಸೈನ್ಯದ ಮುಖ್ಯಸ್ಥ ಎಂಬ ಹೆಸರು ಬಂದಿತು. ಹೆಸರಿನಲ್ಲೇನಿದೆ ಎನ್ನಬಹುದು, ರಾಜ್ಯಗಳ ಬಾಳಿನಲ್ಲಿ ಬಹಳಷ್ಟಿದೆ.

ಸೈನ್ಯದ ದಿನವೆಂದು ನಾವು ಆಚರಿಸುವ ಜನವರಿ ೧೫, ಕೊಡಗಿನ ಕಾರ್ಯಪ್ಪನವರು ೧೯೪೯ರಲ್ಲಿ ಇಂಗ್ಲಿಷ್ ಸೇನಾಪತಿಯಿಂದ ಅಧಿಕಾರ ವಹಿಸಿಕೊಂಡ ದಿನ. ೨೦೨೩ರಲ್ಲಿ ಆ ದಿನದ ಕವಾಯತು ಮೊದಲ ಸಲ ದೆಹಲಿಯನ್ನು ಬಿಟ್ಟು ನಮ್ಮ ಬೆಂಗಳೂರಿನ ಮದ್ರಾಸ್ ಸ್ಯಾಪರ್ಸ್ ಮೈದಾನದಲ್ಲಿ ನಡೆಯಿತು. ಇದೇ ಜನವರಿ ೧೫ ನೈಜೀರಿಯಾ ದೇಶದವರಿಗೆ ಬೇರೊಂದು ನೆನಪನ್ನು ತರುತ್ತದೆ. ೧೯೬೬ರ ಆ ದಿನ ಅಲ್ಲಿಯ ಸೇನಾಧಿಕಾರಿಗಳ ಒಂದು ಗುಂಪು ಎದ್ದು ಪ್ರಧಾನಿ ಬಲೇವಾ ಅವರನ್ನು ಕೊಂದಿತು, ಪ್ರಜಾಸತ್ತೆ ಮುರಿದುಬಿತ್ತು. ಸ್ವಾತಂತ್ರ್ಯ ಬಂದು ಆಗ ಆರು ವರ್ಷವೂ ತುಂಬಿರಲಿಲ್ಲ.

ಅವರಿಗೂ ನಮಗೂ ಏನು ವ್ಯತ್ಯಾಸ? ಕಾಲ ಒಂದು ವ್ಯತ್ಯಾಸ. ಕಾರ್ಯಪ್ಪನವರು ಅಧಿಕಾರಿಯಾದದ್ದು ೧೯೧೯ರಲ್ಲಿ. ತುದಿಯ ಮೆಟ್ಟಿಲು ಹತ್ತಲು ಅವರಿಗೆ ಮೂವತ್ತು ವರ್ಷ ಹಿಡಿಯಿತು. ಕಾಂಗೋ ದೇಶ ೧೯೬೦ರ ಜೂನ್ ೩೦ರಂದು ಸ್ವತಂತ್ರವಾದಾಗ ಅದರ ಸೈನ್ಯದಲ್ಲಿ ಸ್ವದೇಶೀಯನಾದ ಅಧಿಕಾರಿ ಒಬ್ಬನೂ ಇರಲಿಲ್ಲ; ವಾರ ತುಂಬುವುದರೊಳಗೆ ಸಿಪಾಯಿಗಳು ದಂಗೆಯೆದ್ದರು. ಆದರೆ ಕಾಲವೊಂದೇ ಕಾರಣವಲ್ಲ. ನಮ್ಮ ಅಧಿಕಾರಿಗಳು ಬೆಳೆದ ಸೈನ್ಯದಲ್ಲೇ ಬೆಳೆದ ಅಯೂಬ್ ಖಾನರು ೧೯೫೮ರ ಅಕ್ಟೋಬರಿನಲ್ಲಿ ಪಾಕಿಸ್ತಾನವನ್ನು ಕೈವಶ ಮಾಡಿಕೊಂಡರು. ಒಳ್ಳೆಯ ಶಿಕ್ಷಣವೂ ಸಾಲದು: ನೈಜೀರಿಯಾದ ಕಡುನದಲ್ಲಿ ಸೈನಿಕ ವಿದ್ಯಾಲಯ ೧೯೬೪ರಲ್ಲಿ ಆರಂಭವಾದದ್ದು ಭಾರತದ ಅಧಿಕಾರಿಗಳ ನೆರವಿನಿಂದಲೇ.

ಒಂದು ಒಳ್ಳೆಯ ಚುನಾವಣೆ ನಡೆದ ಮಾತ್ರಕ್ಕೂ ಸಾಲದು ಎಂಬುದನ್ನು ಸೂಡಾನ್ ತೋರಿಸುತ್ತದೆ. ನಮ್ಮ ಮೊದಲ ಮಹಾಚುನಾವಣೆಯನ್ನು ನಡೆಸಿದ ಸುಕುಮಾರ್ ಸೇನರೇ ೧೯೫೩ರಲ್ಲಿ ಅಲ್ಲಿಗೆ ಹೋಗಿ ಅವರ ಮೊದಲ ಚುನಾವಣೆಯನ್ನೂ ನಡೆಸಿಕೊಟ್ಟರು. ೧೯೫೬ರಲ್ಲಿ ಸ್ವಾತಂತ್ರ್ಯ ಬಂದಿತು. ೧೯೫೮ರ ನವೆಂಬರಿನಲ್ಲಿ ಸೇನಾಪತಿ ಅಬ್ಬೂದ್ ಆಳಲು ಕುಳಿತರು. ೧೯೬೪ರಲ್ಲಿ ಜನ ಬೀದಿಗಿಳಿದು ಅವರನ್ನು ಇಳಿಸಿದರು. ೧೯೬೯ರಲ್ಲಿ ಇನ್ನೊಬ್ಬ ಸೇನಾಧಿಕಾರಿ ಬಂದ, ೧೯೮೫ರಲ್ಲಿ ಇಳಿದ. ೧೯೮೯ರಲ್ಲಿ ಮತ್ತೊಬ್ಬ ಬಂದ, ೨೦೧೯ರಲ್ಲಿ ಇಳಿದ. ೨೦೨೧ರಲ್ಲಿ ಸೈನ್ಯ ಮರಳಿ ಬಂದಿತು. ೨೦೨೩ರ ಏಪ್ರಿಲ್ ೧೫ರಂದು, ಬೆಂಗಳೂರಿನ ಕವಾಯತಾದ ಸರಿಯಾಗಿ ಮೂರು ತಿಂಗಳಿಗೆ, ಸೈನ್ಯವೂ ಅದರ ಜೊತೆಗಾರ ಪಡೆಯೂ ರಾಜಧಾನಿ ಖಾರ್ಟೂಮಿನ ಬೀದಿಗಳಲ್ಲಿ ಒಂದರ ಮೇಲೊಂದು ಗುಂಡು ಹಾರಿಸತೊಡಗಿದವು. ಬೇಲಿ ಮೇಯ್ದದ್ದಷ್ಟೇ ಅಲ್ಲ, ಎರಡು ಬೇಲಿಗಳು ಹೊಲಕ್ಕಾಗಿ ಹೊಡೆದಾಡಿದವು.

ಆ ದೇಶದ ವಿದ್ಯಾರ್ಥಿಯೊಬ್ಬ ನಮ್ಮ ಬೀದಿಯಲ್ಲಿ ಬಾಡಿಗೆಗಿದ್ದ. ಯುದ್ಧ ಆರಂಭವಾದ ವಾರ ಅವನ ಮನೆಯವರ ದೂರವಾಣಿ ನಾಲ್ಕು ದಿನ ಮೌನವಾಗಿತ್ತು. ಅವನಿಗೆ ಅಮ್ಮ ಮುದ್ದೆ, ಸೊಪ್ಪಿನ ಸಾರು ಕಳಿಸುತ್ತಿದ್ದಳು. ಮುಂದೊಂದು ದಿನ ಅಪ್ಪ ಅವನೆದುರಿಗೂ ತಮ್ಮ ಐದು ವರ್ಷದ ಸಿದ್ಧಾಂತವನ್ನು ಮಂಡಿಸಿದರು. ಅವನು ತನ್ನ ಹರಕುಮುರುಕು ಕನ್ನಡದಲ್ಲಿ ಹೇಳಿದ: “ಅಂಕಲ್, ಕೊಡೋದು ಈಸಿ. ವಾಪಸ್ ಕೇಳೋದು ಕಷ್ಟ.” ರಾಜ್ಯಶಾಸ್ತ್ರದ ಯಾವ ಗ್ರಂಥದಲ್ಲೂ ನಾನು ಇಷ್ಟು ಚಿಕ್ಕ ಮಾತಿನಲ್ಲಿ ಇಷ್ಟು ದೊಡ್ಡ ಪಾಠವನ್ನು ಓದಿಲ್ಲ. ಅಪ್ಪ ಬಹಳ ಹೊತ್ತು ಸುಮ್ಮನಿದ್ದರು.

ಆಫ್ರಿಕಾವೆಂದರೆ ಹೀಗೆಯೇ ಎಂದು ತೀರ್ಮಾನಿಸುವುದು ಅನ್ಯಾಯ. ತಂಗನೀಕದಲ್ಲಿ ೧೯೬೪ರ ಜನವರಿಯಲ್ಲಿ ಸೈನಿಕರು ದಂಗೆಯೆದ್ದಾಗ ನೈರೇರೆಯವರು ಹಳೆಯ ಪಡೆಯನ್ನೇ ವಿಸರ್ಜಿಸಿ ಹೊಸದನ್ನು ಕಟ್ಟಿದರು. ಸೆನೆಗಾಲ್ ದೇಶ ೧೯೬೦ರಲ್ಲಿ ಸ್ವತಂತ್ರವಾದಂದಿನಿಂದ ಒಮ್ಮೆಯೂ ಸೈನ್ಯದ ಆಳ್ವಿಕೆಯನ್ನು ಕಂಡಿಲ್ಲ. ದೋಷ ಖಂಡದ್ದಲ್ಲ, ಜನಾಂಗದ್ದಲ್ಲ. ಹಾಗೆಯೇ ನಾವು ಹುಟ್ಟಿನಿಂದಲೇ ಪುಣ್ಯವಂತರೆಂದು ಬೀಗುವುದೂ ಸಲ್ಲ. ೧೯೫೮ರಲ್ಲಿಯೇ ಈಶಾನ್ಯ ಭಾಗಕ್ಕಾಗಿ ಸೈನ್ಯಕ್ಕೆ ವಿಶೇಷಾಧಿಕಾರ ಕೊಡುವ ಕಾಯಿದೆಯನ್ನು ನಮ್ಮ ಸಂಸತ್ತು ಮಾಡಿತು. ಹಲಸೂರಿನ ಬಾಗಿಲಲ್ಲಿ ನಿಂತ ಪಹರೆಯವನನ್ನು ನಾನು ನೋಡುವ ಕಣ್ಣಿನಿಂದಲೇ ಮಣಿಪುರದ ಹುಡುಗನೂ ನೋಡುತ್ತಾನೆಂದು ನಾನು ಹೇಳಲಾರೆ.

ಹಾಗಾದರೆ ಬೇಲಿಯನ್ನು ತಡೆದದ್ದು ಯಾವುದು? ಹೊಲದ ಒಡೆಯ ಎಚ್ಚರವಾಗಿದ್ದದ್ದು ಎಂಬುದೇ ನನ್ನ ಉತ್ತರ. ೧೯೫೯ರಲ್ಲಿ ರಕ್ಷಣಾ ಮಂತ್ರಿಗಳೊಡನೆ ಮನಸ್ತಾಪವಾದಾಗ ಜನರಲ್ ತಿಮ್ಮಯ್ಯನವರು ಮಾಡಿದ್ದು ರಾಜೀನಾಮೆ ಕೊಟ್ಟದ್ದು. ಫಿರಂಗಿಗಳನ್ನು ದೆಹಲಿಗೆ ತಿರುಗಿಸಲಿಲ್ಲ. ಪ್ರಧಾನಿಯವರು ಕೇಳಿಕೊಂಡಾಗ ಅದನ್ನು ಹಿಂದಕ್ಕೂ ಪಡೆದರು. ಆ ಜಗಳ ನಡೆದದ್ದು ಸಂಸತ್ತಿನಲ್ಲಿ, ಪತ್ರಿಕೆಗಳಲ್ಲಿ, ಎಲ್ಲರ ಕಣ್ಣೆದುರಿಗೆ. ಕಾರ್ಯಪ್ಪನವರು ೧೯೭೧ರಲ್ಲಿ ಮುಂಬಯಿಯಿಂದ ಲೋಕಸಭೆಗೆ ಸ್ಪರ್ಧಿಸಿ ಸೋತರು. ಒಂದು ಕಾಲಕ್ಕೆ ಲಕ್ಷಾಂತರ ಬಂದೂಕುಗಳಿಗೆ ಒಡೆಯರಾಗಿದ್ದವರು ಮತದಾರನ ಮುಂದೆ ಕೈಮುಗಿದು ನಿಂತದ್ದನ್ನು ನೆನೆದರೆ ನನಗೆ ಅವರ ಮೇಲೆ ಗೌರವ ಹೆಚ್ಚುತ್ತದೆ. ತುರ್ತುಪರಿಸ್ಥಿತಿಯಲ್ಲಿ ಒಡೆಯನ ಕೈಯನ್ನೇ ಕಟ್ಟಿದಾಗಲೂ, ೧೯೭೭ರಲ್ಲಿ ಅದನ್ನು ಬಿಡಿಸಿದ್ದು ಮತಪತ್ರ, ಬಂದೂಕಲ್ಲ.

ನಮ್ಮಪ್ಪ ನಾಲ್ಕನೆಯ ಸಲ ಹೋಗಿ ಮೇಲಧಿಕಾರಿಗೆ ಅರ್ಜಿ ಕೊಟ್ಟು, ಏರುದನಿಯಲ್ಲಿ ಮಾತಾಡಿ, ಪ್ರಮಾಣಪತ್ರವನ್ನು ತಂದರು. ಆ ಏರುದನಿಯೇ ನಮ್ಮ ಸ್ವಾತಂತ್ರ್ಯ. ಸೇನಾಪತಿಯ ಆಳ್ವಿಕೆಯಲ್ಲೂ ಕಛೇರಿ ಇರುತ್ತದೆ, ಅದೇ ಗುಮಾಸ್ತನೂ ಇರುತ್ತಾನೆ. ದನಿ ಏರಿಸಿದವನು ಮಾತ್ರ ಮನೆಗೆ ಮರಳುವನೆಂಬ ಭರವಸೆ ಇರುವುದಿಲ್ಲ.

ಸಹಪಾಠಿಗಳೇ, ಈ ವರ್ಷ ಪದವಿ ಪಡೆಯುವ ನಮ್ಮಲ್ಲಿ ಕೆಲವರು ಸೈನ್ಯಕ್ಕೆ ಸೇರಬಹುದು, ಅವರಿಗೆ ಶುಭವಾಗಲಿ. ಆದರೆ ಹೆಚ್ಚಿನವರು ನಾಳೆ ಗುಮಾಸ್ತರಾಗಿ, ಉಪಾಧ್ಯಾಯರಾಗಿ, ದೈವವೊಲಿದರೆ ತಹಶೀಲ್ದಾರರಾಗಿ, ಮೇಜಿನ ಹಿಂದೆ ಕೂರುವವರು. ಆ ಮೇಜಿನ ಮುಂದೆ ಒಂದು ದಿನದ ಕೂಲಿ ಬಿಟ್ಟು ಬಂದವನೊಬ್ಬ ನಿಂತಿರುತ್ತಾನೆ. ‘ನಾಳೆ ಬಾ’ ಎಂದು ಅವನನ್ನು ಸುಮ್ಮನೆ ಹಿಂದಕ್ಕೆ ಕಳಿಸಿದ ದಿನ, ‘ಮಿಲಿಟರಿ ಬರಲಿ’ ಎಂಬ ಮಾತನ್ನು ಅವನ ಬಾಯಲ್ಲಿ ಇಟ್ಟವರು ನಾವೇ ಆಗುತ್ತೇವೆ.