ಡೀಸೆಲ್ ಲೆಕ್ಕ

ಪೇಪರಿನ ಮೈಲೇಜಿಗೂ ರಸ್ತೆಯ ಮೈಲೇಜಿಗೂ ಇರುವ ಅಂತರದಲ್ಲಿ ಒಬ್ಬ ಮನುಷ್ಯನ ಮರ್ಯಾದೆ ಸಿಕ್ಕಿಕೊಳ್ಳಬಹುದು. ಇದು ನಮ್ಮ ಮನೆಯಲ್ಲೇ ಕಂಡದ್ದು.

ನಮ್ಮ ಏಳು ಸೀಟಿನ ಎಸ್‌ಯುವಿ ಲೀಟರಿಗೆ 17 ಕಿ.ಮೀ. ಕೊಡುತ್ತದೆಂದು ಮಾರುವಾಗ ಹೇಳಿದ್ದರು. ಥಾಣೆಯಲ್ಲಿ ಸಿಗುತ್ತಿದ್ದುದು 11. "ಉಳಿದ ಡೀಸೆಲ್ ಎಲ್ಲಿ ಹೋಗ್ತದೆ ಮಾರಾಯ?" ಎಂದು ಅಪ್ಪ ಕೇಳಿಯೇಬಿಟ್ಟರು. "ನಾನು ಕುಡಿಯುವುದು ಚಾ ಮಾತ್ರ, ಧಣಿ" ಎಂದರು ಡ್ರೈವರಣ್ಣ. ನಮ್ಮ ಊರಿನವರೇ. ಅವರ ಮುಖ ಸಣ್ಣದಾಯಿತು.

ನಾನು ಕಾಮರ್ಸಿನವನು; ಲೆಕ್ಕ ಬರೆಯಲು ಕೂತೆ. ಟ್ಯಾಂಕು ಪೂರ್ತಿ ತುಂಬಿಸಿ ಮೀಟರ್ ಬರೆದುಕೊಳ್ಳುವುದು. ಮತ್ತೆ ಪೂರ್ತಿ ತುಂಬಿಸಿದಾಗ, ಓಡಿದ ಕಿಲೋಮೀಟರನ್ನು ಹಿಡಿದ ಲೀಟರಿನಿಂದ ಭಾಗಿಸುವುದು. ಕುಂದಾಪುರಕ್ಕೆ ಹೋದಾಗ ಹೈವೇಯಲ್ಲಿ 15 ಬಂತು. ಗಾಡಿ ಅದೇ, ಡ್ರೈವರಣ್ಣ ಅವರೇ. ಘೋಡ್‌ಬಂದರ್ ರಸ್ತೆಯ ಜಾಮಿನಲ್ಲಿ ಗಾಡಿ ನಿಂತರೂ ಎಂಜಿನ್ ಕುಡಿಯುತ್ತಲೇ ಇರ್ತದಲ್ಲ! ಕಂಪೆನಿಯ ಅಂಕಿಯೋ, ಪ್ರಯೋಗಾಲಯದಲ್ಲಿ ರೋಲರುಗಳ ಮೇಲೆ ಓಡಿಸಿ ತೆಗೆದದ್ದು.

ಟಯರನ್ನೂ ನೋಡಿದೆವು. ಬಾಗಿಲ ಬಳಿಯ ಚೀಟಿಯಲ್ಲಿ 33 ಪಿಎಸ್‌ಐ ಎಂದಿದೆ. ಬೆಳಿಗ್ಗೆ ಟಯರು ತಣ್ಣಗಿದ್ದಾಗ ಅಳೆದರೆ 26. ಗಾಳಿ ಕಡಿಮೆಯಾದರೆ ಟಯರು ಹೆಚ್ಚು ಬಾಗಿ ಬಿಸಿಯಾಗುತ್ತದೆ. ಆ ಶಕ್ತಿಯೂ ಡೀಸೆಲಿನಿಂದಲೇ ಬರಬೇಕು. ಗಾಳಿ ಸರಿಮಾಡಿದ ಮೇಲೆ ಊರೊಳಗೆ 11.3 ಆಯಿತು. ಅಷ್ಟೇ. ಆದರೆ ಟಯರಿನ ಬಾಳಿಕೆ, ಒಳಗೆ ಕೂತವರ ಜೀವ ಎರಡೂ ಆ ಗಾಳಿಯ ಮೇಲೇ ಇವೆ.

ನೋಟ್‌ಬುಕ್ಕನ್ನು ಅಪ್ಪನ ಮುಂದಿಟ್ಟೆ. ಬಹಳ ಹೊತ್ತು ನೋಡಿದರು. ತಪ್ಪಾಯಿತು ಎನ್ನುವ ಅಭ್ಯಾಸ ಅವರಿಗಿಲ್ಲ. ಮರುದಿನ ಡ್ರೈವರಣ್ಣನ ಕೈಗೆ ಡೀಸೆಲಿನ ದುಡ್ಡು ಕೊಟ್ಟರು, ರಸೀದಿ ಕೇಳಲಿಲ್ಲ.