ಎಸ್ಪೋಸಿತೊ: ಬಾಗಿಲಲ್ಲಿ ಸಿಕ್ಕ ಹೆಸರು

ಇಟಲಿಯಲ್ಲಿ ಅತಿ ಹೆಚ್ಚು ಮನೆಗಳಲ್ಲಿರುವ ಅಡ್ಡಹೆಸರುಗಳನ್ನು ಪಟ್ಟಿಮಾಡಿದರೆ ರೊಸ್ಸಿ, ರುಸ್ಸೊ, ಫೆರಾರಿ ಇವುಗಳ ಬೆನ್ನಿಗೇ ಬರುವ ಹೆಸರು ಎಸ್ಪೋಸಿತೊ. ನೇಪಲ್ಸ್ ನಗರದಲ್ಲಂತೂ ಮೊದಲನೆಯ ಸ್ಥಾನ ಅದಕ್ಕೇ. ರೊಸ್ಸಿ, ರುಸ್ಸೊ ಎಂದರೆ ಕೆಂಪು ಕೂದಲಿನವರ ಮನೆತನ. ಫೆರಾರಿ ಎಂದರೆ ಕಮ್ಮಾರರ ಮನೆತನ. ಎಸ್ಪೋಸಿತೊ ಎಂಬ ಹೆಸರಿನಲ್ಲಿ ಮಾತ್ರ ಮೈಬಣ್ಣವೂ ಇಲ್ಲ, ಕಸುಬೂ ಇಲ್ಲ, ಊರೂ ಇಲ್ಲ. ಲ್ಯಾಟಿನ್ ಭಾಷೆಯ 'ಎಕ್ಸ್‌ಪೋಸಿತುಸ್' ಎಂಬ ಪದದಿಂದ ಬಂದ ಇದರ ಅರ್ಥ 'ಹೊರಗೆ ಇಡಲ್ಪಟ್ಟವನು'. ಹೆತ್ತವರು ಬಿಟ್ಟುಹೋದ ಮಗು ಎಂದು ತಾತ್ಪರ್ಯ. ಒಂದು ದೊಡ್ಡ ನಗರದ ಅತಿ ಸಾಮಾನ್ಯ ಮನೆತನದ ಹೆಸರು ಮನೆಯೇ ಇಲ್ಲದ ಮಕ್ಕಳಿಂದ ಬಂದದ್ದೆಂದರೆ ಆಶ್ಚರ್ಯವಲ್ಲವೇ?

ನೇಪಲ್ಸಿನ ಹಳೆಯ ಪೇಟೆಯಲ್ಲಿ 'ಅನ್ನುನ್ಸಿಯಾತ' ಎಂಬ ಪವಿತ್ರ ಗೃಹವಿದೆ. ದೇವದೂತನು ಮರಿಯಮ್ಮನವರಿಗೆ ಶುಭಸಂದೇಶ ತಂದ ಹಬ್ಬದ ಹೆಸರಿನದು. 14ನೇ ಶತಮಾನದಲ್ಲಿ ಪ್ರಾರಂಭವಾದ ಈ ಸಂಸ್ಥೆಯಲ್ಲಿ ದೇವಾಲಯ, ಆಸ್ಪತ್ರೆ, ಅನಾಥಾಲಯ ಎಲ್ಲವೂ ಇದ್ದವು. ಇದರ ಗೋಡೆಯಲ್ಲಿ ಒಂದು ಕಿಂಡಿ. ಕಿಂಡಿಯ ಒಳಗೆ ಪೀಪಾಯಿಯಂತೆ ತಿರುಗುವ ಮರದ ಚಕ್ರ. ಹೊರಗಿನಿಂದ ಮಗುವನ್ನು ಅದರೊಳಗಿಟ್ಟು ತಿರುಗಿಸಿದರೆ ಮಗು ಒಳಗೆ ಹೋಗುತ್ತಿತ್ತು. ಒಳಗೆ ಕಾದಿರುತ್ತಿದ್ದ ಹೆಂಗಸು ಮಗುವನ್ನು ಎತ್ತಿಕೊಳ್ಳುತ್ತಿದ್ದಳು. ಇಟ್ಟವರ ಮುಖ ಎತ್ತಿಕೊಂಡವರಿಗೆ ಕಾಣದು, ಎತ್ತಿಕೊಂಡವರ ಮುಖ ಇಟ್ಟವರಿಗೆ ಕಾಣದು. ಹಗಲಾಗಲಿ, ರಾತ್ರಿಯಾಗಲಿ, ಯಾರು, ಏಕೆ ಎಂದು ಕೇಳುವವರಿರಲಿಲ್ಲ.

ಇಂಥ ಚಕ್ರಗಳ ಬಗ್ಗೆ ರೋಮಿನಲ್ಲಿ ಹಳೆಯ ಪ್ರತೀತಿಯೊಂದಿದೆ. 1198ರಲ್ಲಿ ಪೀಠಕ್ಕೆ ಬಂದ ಪೋಪ್ 3ನೇ ಇನ್ನೊಸೆಂಟರ ಕಾಲದಲ್ಲಿ ಟೈಬರ್ ನದಿಯ ಬೆಸ್ತರ ಬಲೆಗೆ ಮೀನಿನೊಂದಿಗೆ ಹಸುಗೂಸುಗಳ ಹೆಣಗಳೂ ಸಿಕ್ಕುತ್ತಿದ್ದವಂತೆ. ಅದನ್ನು ಕಂಡು ನೊಂದ ಪೋಪರು ಪವಿತ್ರಾತ್ಮರ ಆಸ್ಪತ್ರೆಯಲ್ಲಿ ಇಂಥ ಚಕ್ರವನ್ನು ಇಡಿಸಿದರೆಂದು ಹೇಳುತ್ತಾರೆ. ಕೊಲ್ಲುವ ಬದಲು ಇಲ್ಲಿಗೆ ತನ್ನಿ ಎಂಬುದೇ ಅದರ ಉದ್ದೇಶ.

ಅನ್ನುನ್ಸಿಯಾತದ ಒಳಗೆ ಬಂದ ಮಗುವನ್ನು ತೊಳೆದು, ಬಟ್ಟೆ ಹಾಕಿ, ದಪ್ಪ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು. ಬಂದ ದಿನ, ಗಂಟೆ, ಮೈಮೇಲಿದ್ದ ಬಟ್ಟೆ, ಜೊತೆಗಿದ್ದ ವಸ್ತು ಎಲ್ಲವೂ ದಾಖಲಾಗುತ್ತಿತ್ತು. ಕೆಲವು ತಾಯಂದಿರು ಅರ್ಧ ಮುರಿದ ನಾಣ್ಯ, ಅರ್ಧ ಕತ್ತರಿಸಿದ ಪದಕ ಇಡುತ್ತಿದ್ದರು. ಉಳಿದರ್ಧ ತಮ್ಮಲ್ಲಿಟ್ಟುಕೊಂಡು, ಮುಂದೊಂದು ದಿನ ಬಂದು ಮಗುವನ್ನು ಗುರುತಿಸಬಹುದೆಂಬ ಆಸೆ. ಜ್ಞಾನಸ್ನಾನವಾಗಿದೆಯೋ ಇಲ್ಲವೋ ಗೊತ್ತಿಲ್ಲದ ಮಗುವಿಗೆ ಜ್ಞಾನಸ್ನಾನ ಕೊಡುತ್ತಿದ್ದರು. ಮರಿಯಮ್ಮನವರ ಚಿತ್ರವಿದ್ದ ಸೀಸದ ಪದಕವನ್ನು ಕೊರಳಿಗೆ ಕಟ್ಟುತ್ತಿದ್ದರು. ಹೀಗಾಗಿ ಊರಿನವರು ಈ ಮಕ್ಕಳನ್ನು 'ಮಾತೆಯ ಮಕ್ಕಳು' ಎಂದು ಕರೆದರು. ಆದರೆ ಪುಸ್ತಕದಲ್ಲಿ ಬರೆದ ಅಡ್ಡಹೆಸರು ಎಸ್ಪೋಸಿತೊ.

ಬೇರೆ ಊರುಗಳಲ್ಲಿ ಬೇರೆ ಹೆಸರು. ಫ್ಲಾರೆನ್ಸಿನ ನಿರಪರಾಧಿ ಮಕ್ಕಳ ಆಸ್ಪತ್ರೆ 1445ರಲ್ಲಿ ಮೊದಲ ಮಗುವನ್ನು ಸ್ವೀಕರಿಸಿತು. ಅಲ್ಲಿಯ ಮಕ್ಕಳು ಇನ್ನೊಚೆಂತಿ ಆದರು. ರೋಮಿನವರು ಪ್ರೊಯೆತ್ತಿ, ಬೊಲೊನ್ಯದವರು ದೆಲ್ಯಿ ಎಸ್ಪೋಸ್ತಿ. ಮಿಲಾನಿನ ಆಸ್ಪತ್ರೆಯ ಲಾಂಛನ ಪಾರಿವಾಳ. ಅದಕ್ಕೆ ಅಲ್ಲಿಯ ಮಕ್ಕಳಿಗೆ ಪಾರಿವಾಳ ಎಂಬ ಅರ್ಥದ ಕೊಲೊಂಬೊ ಎಂಬ ಹೆಸರು ಬಂತು.

ಇದೆಲ್ಲ ಬರೀ ಕರುಣೆಯ ಕಥೆಯೆಂದು ಹೇಳಿದರೆ ಸತ್ಯವನ್ನು ಅರ್ಧ ಹೇಳಿದಂತಾದೀತು. ಒಳಗೆ ಬಂದ ಎಷ್ಟೋ ಮಕ್ಕಳು ಬದುಕಲಿಲ್ಲ. ಹಾಲೂಡಿಸುವ ದಾದಿಯರು ಸಾಲುತ್ತಿರಲಿಲ್ಲ, ಕಾಯಿಲೆಗಳು ಒಬ್ಬರಿಂದ ಒಬ್ಬರಿಗೆ ಹರಡುತ್ತಿದ್ದವು. ಬದುಕಿದವರಲ್ಲಿ ಕೆಲವರು ಹಳ್ಳಿಯ ದಾದಿಯರ ಮನೆಗಳಲ್ಲೇ ಬೆಳೆದು ಅಲ್ಲಿಯವರಾದರು. ಹೆಣ್ಣುಮಕ್ಕಳ ಮದುವೆಗೆ ಸಂಸ್ಥೆಯೇ ವರದಕ್ಷಿಣೆ ಕೊಡುತ್ತಿತ್ತು. ಆದರೆ ಹೆಸರು ಹೇಳಿದ ಕೂಡಲೇ ಎದುರಿನವನಿಗೆ ಹುಟ್ಟಿನ ಗುಟ್ಟು ತಿಳಿದುಬಿಡುತ್ತಿತ್ತು. ಈ ಕಳಂಕ ಬೇಡವೆಂದು 19ನೇ ಶತಮಾನದಲ್ಲಿ, ಹುಟ್ಟನ್ನು ಬಯಲುಮಾಡುವ ಹೆಸರುಗಳನ್ನು ಇಡಬಾರದೆಂಬ ನಿಯಮ ಬಂತು. ನೇಪಲ್ಸಿನ ಚಕ್ರ 1875ರಲ್ಲಿ ಮುಚ್ಚಿತು. ಅಷ್ಟರಲ್ಲಿ ಎಸ್ಪೋಸಿತೊ ಹೆಸರಿನ ಮಕ್ಕಳಿಗೆ ಮಕ್ಕಳಾಗಿ, ಮೊಮ್ಮಕ್ಕಳಾಗಿ, ಹೆಸರು ಊರೆಲ್ಲ ಹರಡಿತ್ತು.

ಆಮೇಲೆ ಅದು ಸಮುದ್ರ ದಾಟಿತು. 1876ರಿಂದ 1915ರವರೆಗೆ ಸುಮಾರು 1 ಕೋಟಿ 40 ಲಕ್ಷ ಜನ ಇಟಲಿ ಬಿಟ್ಟು ಹೋದರು. ಭೂಮಿ ಇಲ್ಲದ ಕೂಲಿಗಳು, ತೆರಿಗೆಯ ಭಾರ ತಾಳದ ಬಡ ರೈತರು. ದಕ್ಷಿಣ ಇಟಲಿಯವರಿಗೆ ನೇಪಲ್ಸೇ ಹಡಗು ಹತ್ತುವ ದೊಡ್ಡ ಬಂದರು. ಹೀಗೆ ಎಸ್ಪೋಸಿತೊಗಳು ನ್ಯೂಯಾರ್ಕಿಗೆ, ನ್ಯೂಜೆರ್ಸಿಗೆ, ಕೆನಡಾಕ್ಕೆ, ಆರ್ಜೆಂಟೀನಾಕ್ಕೆ, ಬ್ರೆಜಿಲಿಗೆ ಹೋದರು. ಎರಡನೆಯ ಮಹಾಯುದ್ಧದ ನಂತರ ಜರ್ಮನಿ, ಸ್ವಿಟ್ಜರ್ಲೆಂಡ್, ಬೆಲ್ಜಿಯಂ, ಆಸ್ಟ್ರೇಲಿಯಾಗಳಿಗೂ ಹೋದರು. ಈ ವಲಸೆಗಾರರನ್ನು ಧರ್ಮಸಭೆ ಮರೆಯಲಿಲ್ಲ. ಪಿಯಾಚೆಂಜದ ಬಿಷಪ್ ಸ್ಕಲಬ್ರಿನಿಯವರು 1887ರಲ್ಲಿ ಅವರಿಗಾಗಿಯೇ ಒಂದು ಗುರುಸಭೆ ಸ್ಥಾಪಿಸಿದರು. 2022ರಲ್ಲಿ ಅವರು ಸಂತರೆಂದು ಘೋಷಿತರಾದರು. ಸಂತ ಫ್ರಾನ್ಸಿಸ್ ಕ್ಸೇವಿಯರ್ ಕಬ್ರಿನಿ ಎಂಬ ಕನ್ಯಾಸ್ತ್ರೀಯನ್ನು ಪೋಪ್ 13ನೇ ಲಿಯೋ 1889ರಲ್ಲಿ ನ್ಯೂಯಾರ್ಕಿಗೆ ಕಳಿಸಿದರು. ಅಲ್ಲಿ ಆ ತಾಯಿ ಪ್ರಾರಂಭಿಸಿದ ಮೊದಲ ಕೆಲಸಗಳಲ್ಲಿ ಒಂದು ಇಟಲಿಯ ಮಕ್ಕಳಿಗಾಗಿ ಅನಾಥಾಲಯ.

ಊರು ಬದಲಾದಂತೆ ಹೆಸರಿನ ಉಚ್ಚಾರವೂ ಬದಲಾಯಿತು. ಇಟಲಿಯವರು 'ಪೋ' ಎಂಬಲ್ಲಿ ಒತ್ತು ಕೊಟ್ಟರೆ ಅಮೆರಿಕದವರು 'ಎಸ್ಪೊಝೀಟೊ' ಎನ್ನುತ್ತಾರೆ. ಕೆನಡಾದ ಸೂ ಸೇಂಟ್ ಮೇರಿ ಊರಿನ ಫಿಲ್ ಮತ್ತು ಟೋನಿ ಎಸ್ಪೋಸಿತೊ ಸಹೋದರರು ಐಸ್ ಹಾಕಿಯಲ್ಲಿ ಹೆಸರಾದವರು. 1968–69ರ ಋತುವಿನಲ್ಲಿ ಫಿಲ್ ಅಲ್ಲಿಯ ರಾಷ್ಟ್ರೀಯ ಲೀಗಿನಲ್ಲಿ 100 ಅಂಕ ದಾಟಿದ ಮೊದಲ ಆಟಗಾರರು. ನಟ ಜಾನ್‌ಕಾರ್ಲೊ ಎಸ್ಪೋಸಿತೊ 1958ರಲ್ಲಿ ಡೆನ್ಮಾರ್ಕಿನಲ್ಲಿ ಹುಟ್ಟಿದವರು. ತಂದೆ ನೇಪಲ್ಸಿನವರು, ತಾಯಿ ಆಫ್ರಿಕನ್ ಮೂಲದ ಅಮೆರಿಕದವರು. ಆರ್ಜೆಂಟೀನಾದಲ್ಲಿ ಇನ್ನೊಂದು ವಿಶೇಷ. 1779ರಲ್ಲೇ ಬ್ಯೂನಸ್ ಐರಿಸ್‌ನಲ್ಲಿ ಸ್ಪೇನಿನವರು ಇಂಥ ಮಕ್ಕಳಿಗೆ ಒಂದು ಗೃಹ ತೆರೆದಿದ್ದರು. ಅದರ ಖರ್ಚಿಗೆಂದು ಮರುವರ್ಷ ಅಚ್ಚುಕೂಟವನ್ನೂ ನಡೆಸಿದರು. ಸ್ಪ್ಯಾನಿಷ್ ಭಾಷೆಯಲ್ಲಿ ಆ ಮಕ್ಕಳ ಹೆಸರು 'ಎಕ್ಸ್‌ಪೋಸಿತೊ'. ಹಡಗಿನಿಂದಿಳಿದ ನೇಪಲ್ಸಿನ ಎಸ್ಪೋಸಿತೊಗಳು ಅದೇ ಲ್ಯಾಟಿನ್ ಬೇರಿನ ಈ ಎಕ್ಸ್‌ಪೋಸಿತೊಗಳ ನೆರೆಹೊರೆಯವರಾದರು. ಹೆಸರು ಒಂದೇ, ರಕ್ತ ಬೇರೆ.

ಈ ಹೆಸರಿನ ಸ್ವಭಾವವೇ ಅದು. ಬೇರೆ ಮನೆತನದ ಹೆಸರನ್ನು ಹಿಡಿದು ಹಿಂದಕ್ಕೆ ಹೋದರೆ ಒಬ್ಬ ಮೂಲಪುರುಷನೋ, ಒಂದು ಹಳ್ಳಿಯೋ ಸಿಗಬಹುದು. ಎಸ್ಪೋಸಿತೊ ಹಿಡಿದು ಹಿಂದಕ್ಕೆ ಹೋದರೆ ಸಿಗುವುದು ಒಂದು ಬಾಗಿಲು, ಮತ್ತು ಬಾಗಿಲ ಒಳಗೆ ಚಾಚಿದ ಎರಡು ಕೈ.

ಮಂಗಳೂರು, ಕಾಸರಗೋಡು ಕಡೆಯ ನಮಗೂ ಇಟಲಿಯ ಹೆಸರುಗಳು ಹೊಸತಲ್ಲ. 1878ರ ಕೊನೆಯ ದಿನ ಮಂಗಳೂರಿಗೆ ಬಂದಿಳಿದ ಯೇಸುಸಭೆಯವರ ಹಿಂದೆಯೇ ಅನೇಕ ಇಟಾಲಿಯನ್ ಗುರುಗಳೂ ಬ್ರದರ್‌ಗಳೂ ಬಂದರು. ಕೊಂಕಣಿ ವ್ಯಾಕರಣ, ನಿಘಂಟು ಬರೆದ ಫಾದರ್ ಮಫೆಯಿ, ಸಂತ ಅಲೋಶಿಯಸ್ ಕಾಲೇಜಿನ ಚಾಪೆಲ್ಲಿಗೆ ಬಣ್ಣ ತುಂಬಿದ ಬ್ರದರ್ ಮೊಸ್ಕೆನಿ ಇವರನ್ನು ಯಾರು ಅರಿಯರು? ಸನ್ಯಾಸಿಗಳಾದ ಕಾರಣ ಅವರ ಹೆಸರು ಹೊತ್ತ ಮಕ್ಕಳಿಲ್ಲ. ಅವರ ಹೆಸರು ಉಳಿದಿರುವುದು ಪುಸ್ತಕದ ಮೇಲೆ, ಗೋಡೆಯ ಚಿತ್ರದ ಕೆಳಗೆ. ಇನ್ನು ನಮ್ಮ ಡಿಸೋಜ, ಪಿಂಟೊ, ಲೋಬೊಗಳೋ? ನಮ್ಮ ಪೂರ್ವಜರು ಗೋವೆಯಲ್ಲಿ ಜ್ಞಾನಸ್ನಾನ ಪಡೆದಾಗ ಅಲ್ಲಿಯ ಪೋರ್ಚುಗೀಸ್ ಗುರುವಿನ ಅಥವಾ ಜ್ಞಾನತಂದೆಯ ಹೆಸರೇ ಅವರಿಗೆ ಬಂತು. ಅಂದರೆ ನಾವು ಹೆಮ್ಮೆಯಿಂದ ಹೇಳಿಕೊಳ್ಳುವ ಹೆಸರೂ ರಕ್ತದಿಂದ ಬಂದದ್ದಲ್ಲ, ಜ್ಞಾನಸ್ನಾನದ ತೊಟ್ಟಿಯ ಬಳಿ ಯಾರೋ ಪ್ರೀತಿಯಿಂದ ಕೊಟ್ಟದ್ದು.

ಇದನ್ನು ನಾನು ಇಷ್ಟು ಒತ್ತಿ ಹೇಳಲು ಕಾರಣ ನನ್ನ ಅಮ್ಮ. ಹುಟ್ಟಿದ ಕೆಲವೇ ದಿನಗಳಲ್ಲಿ ಅವರನ್ನು ಸಿಸ್ಟರ್‌ಗಳ ಅನಾಥಾಲಯದ ಜಗಲಿಯಲ್ಲಿ ಯಾರೋ ಬಿಟ್ಟುಹೋಗಿದ್ದರು. ಆ ವಾಳೆಯ ಗುರ್ಕಾರರು ಜ್ಞಾನತಂದೆಯಾಗಿ ನಿಂತು ತಮ್ಮ ಮನೆತನದ ಹೆಸರನ್ನೇ ಕೊಟ್ಟರು. ಅಕ್ಕನ ಮದುವೆಯ ಮಾತುಕತೆಗೆ ಬಂದ ಹಿರಿಯರೊಬ್ಬರು, "ಹುಡುಗಿಯ ತಾಯಿಯ ತವರು ಯಾವುದು? ಯಾರ ಪೈಕಿ?" ಎಂದು ಕೇಳಿದರು. ಅಮ್ಮ ಕಾಫಿ ಲೋಟ ಕೆಳಗಿಟ್ಟು, "ಕಾನ್ವೆಂಟೇ ನನ್ನ ತವರು. ಅದಕ್ಕಿಂತ ಹಿಂದಿನದು ನನಗೆ ಗೊತ್ತಿಲ್ಲ" ಎಂದರು. ಅವರು ಕಾಫಿ ಕುಡಿದು ಎದ್ದರು, ಮತ್ತೆ ಸುದ್ದಿ ಕಳಿಸಲಿಲ್ಲ. ಅಕ್ಕ ಅತ್ತಳು. ಅಮ್ಮ ಅಳಲಿಲ್ಲ. "ಸುಳ್ಳು ಹೇಳಿ ನಿನ್ನನ್ನು ಆ ಮನೆಗೆ ಕಳಿಸಿದ್ದರೆ ದಿನಾ ಹೆದರಿ ಬದುಕಬೇಕಿತ್ತು ಮಗಾ" ಎಂದರು. ಮರುವರ್ಷ ಬಂದ ಭಾವನ ಮನೆಯವರು ಈ ಪ್ರಶ್ನೆ ಕೇಳಲೇ ಇಲ್ಲ.

ಅಮ್ಮ ತೀರಿಕೊಂಡ ಮೇಲೆ ಅವರ ಜ್ಞಾನಸ್ನಾನದ ದಾಖಲೆಯನ್ನು ನಾನು ನೋಡಿದೆ. ತಂದೆಯ ಹೆಸರಿನ ಜಾಗದಲ್ಲಿ ಒಂದು ಗೀಟು, ತಾಯಿಯ ಹೆಸರಿನ ಜಾಗದಲ್ಲಿ ಒಂದು ಗೀಟು. ಜ್ಞಾನತಂದೆ ಜ್ಞಾನತಾಯಿಯರ ಹೆಸರು ಮಾತ್ರ ದುಂಡಗಿನ ಅಕ್ಷರಗಳಲ್ಲಿ ಪೂರ್ತಿಯಾಗಿ ಇತ್ತು. ಹೆತ್ತವರು ಬರೆಯದ ಜಾಗದ ಕೆಳಗೆ ಧರ್ಮಸಭೆ ಬರೆದಿತ್ತು.

ಆ ಗೀಟಿನ ಭಾರವನ್ನು ಇಳಿಸಲು ಲೋಕಕ್ಕೆ ಬಹಳ ಕಾಲ ಹಿಡಿಯಿತು. ಇಟಲಿಯಲ್ಲಿ ತಂದೆ ಯಾರೆಂದು ತಿಳಿಯದವರ ಕಾಗದಪತ್ರಗಳಲ್ಲಿ 'ಹೆಸರು ಗೊತ್ತಿಲ್ಲ' ಎಂಬರ್ಥದ ಎರಡು ಅಕ್ಷರಗಳನ್ನು ಬರೆಯುತ್ತಿದ್ದರು. ಗುರುತಿನ ಕಾಗದಗಳಲ್ಲಿ ತಂದೆತಾಯಿಯ ಹೆಸರೇ ಬೇಡವೆಂಬ ಕಾನೂನು 1955ರಲ್ಲಿ ಬಂತು. ನಮ್ಮ ಧರ್ಮಸಭೆಯ 1917ರ ಕಾನೂನು ಸಂಹಿತೆಯಲ್ಲಿ ವಿವಾಹದ ಹೊರಗೆ ಹುಟ್ಟಿದವನು ವಿಶೇಷ ಅನುಮತಿಯಿಲ್ಲದೆ ಗುರುವಾಗುವಂತಿರಲಿಲ್ಲ. 1983ರ ಸಂಹಿತೆಯಲ್ಲಿ ಆ ಅಡ್ಡಿ ಇಲ್ಲ. ಅದೇ ಸಂಹಿತೆಯ 877ನೇ ನಿಯಮದ ಪ್ರಕಾರ ಅವಿವಾಹಿತ ತಾಯಿಯ ಮಗುವಿನ ತಂದೆ ಯಾರೆಂಬುದು ಸರಿಯಾಗಿ ಸ್ಥಿರಪಡದಿದ್ದರೆ ತಂದೆಯ ಹೆಸರು ಬರೆಯದೆಯೇ ಜ್ಞಾನಸ್ನಾನವನ್ನು ದಾಖಲಿಸಬೇಕು. ಸಿಕ್ಕಿದ ಮಗುವಿಗೆ ಜ್ಞಾನಸ್ನಾನ ಆಗಿರುವುದು ಖಚಿತವಾಗದಿದ್ದರೆ ಜ್ಞಾನಸ್ನಾನ ಕೊಡಬೇಕೆಂದು 870ನೇ ನಿಯಮ ಹೇಳುತ್ತದೆ. ನಮ್ಮ ದೇಶದಲ್ಲಿ 2015ರ ಜುಲೈಯಲ್ಲಿ ಸುಪ್ರೀಂ ಕೋರ್ಟ್ ಅವಿವಾಹಿತ ತಾಯಿಯೊಬ್ಬರ ಪ್ರಕರಣದಲ್ಲಿ ತೀರ್ಪು ಕೊಟ್ಟು, ಮಗುವಿನ ಪೋಷಕತ್ವ ಕೇಳಲು ತಂದೆಯ ಹೆಸರನ್ನು ಹೇಳಲೇಬೇಕೆಂದಿಲ್ಲ ಎಂದಿತು. ಆ ತಾಯಿ ಕ್ರೈಸ್ತ ಮಹಿಳೆ ಎಂಬುದನ್ನು ನಾವು ನೆನಪಿಡಬೇಕು.

ಮಗುವನ್ನು ಬಿಟ್ಟುಹೋಗುವ ತಾಯಂದಿರು ಇಂದೂ ಇದ್ದಾರೆ. ತಮಿಳುನಾಡಿನಲ್ಲಿ 1992ರಲ್ಲಿ ಸೇಲಂನಿಂದ ಆರಂಭವಾದ ತೊಟ್ಟಿಲು ಮಕ್ಕಳ ಯೋಜನೆ, ಕೇರಳದಲ್ಲಿ 2002ರಲ್ಲಿ ತಿರುವನಂತಪುರದಲ್ಲಿ ಶುರುವಾದ 'ಅಮ್ಮತೊಟ್ಟಿಲ್' ಇವೆಲ್ಲ ಆ ಹಳೆಯ ಚಕ್ರದ ತಂಗಿಯರೇ. ಮಗುವನ್ನು ಬಿಟ್ಟವಳನ್ನು ಬೈಯುವ ಮುನ್ನ, ಅವಳು ಮಗುವನ್ನು ಬಾವಿಗೆ ಹಾಕದೆ ತೊಟ್ಟಿಲವರೆಗೆ ಹೊತ್ತು ತಂದಳೆಂಬುದನ್ನು ನೆನೆಯೋಣ. ಮೋಶೆಯ ತಾಯಿಯೂ ಮಗುವನ್ನು ಬುಟ್ಟಿಯಲ್ಲಿಟ್ಟು ನೀರಿಗೆ ಬಿಟ್ಟವಳೇ ಅಲ್ಲವೇ? ಅವನಿಗೆ ಹೆಸರಿಟ್ಟವಳು ಹೆತ್ತ ತಾಯಿಯಲ್ಲ, ಎತ್ತಿಕೊಂಡ ರಾಜಕುಮಾರಿ.

ನಮ್ಮ ವಿಶ್ವಾಸದ ಬುಡದಲ್ಲೇ ಇಂಥ ಒಂದು ಹೆಸರಿಡುವಿಕೆ ಇದೆ. ಮಗುವಿಗೆ ಯೇಸು ಎಂದು ಹೆಸರಿಡಬೇಕೆಂದು ದೇವದೂತನು ಕನಸಿನಲ್ಲಿ ಹೇಳಿದ್ದು ಸಂತ ಜೋಸೆಫರಿಗೆ. ಜೋಸೆಫರು ಹಾಗೆಯೇ ಹೆಸರಿಟ್ಟರು. ಆ ಹೆಸರಿಟ್ಟ ಕಾರಣಕ್ಕೇ ಯೇಸುಸ್ವಾಮಿ ಕಾನೂನಿನ ಕಣ್ಣಲ್ಲಿ ಜೋಸೆಫರ ಮಗನಾದರು, ದಾವೀದನ ವಂಶದವರಾದರು. ಪೋಪ್ ಫ್ರಾನ್ಸಿಸ್‌ರವರು 2020ರ ಡಿಸೆಂಬರ್ 8ರಂದು ಸಂತ ಜೋಸೆಫರ ಬಗ್ಗೆ ಬರೆದ ಪತ್ರದಲ್ಲಿ, ಪ್ರಾಚೀನರಿಗೆ ಹೆಸರಿಡುವುದೆಂದರೆ ಸಂಬಂಧ ಬೆಳೆಸುವುದಾಗಿತ್ತು ಎಂಬ ಅರ್ಥದ ಮಾತನ್ನು ಹೇಳಿದ್ದಾರೆ.

ಪ್ರಿಯ ಓದುಗರೇ, ನಮ್ಮ ಧರ್ಮಕೇಂದ್ರಗಳಲ್ಲಿ ಇನ್ನೂ ಸಂಬಂಧ ಕೂಡಿಸುವಾಗ, "ಯಾರ ಪೈಕಿ?" ಎಂಬ ಪ್ರಶ್ನೆ ಮೊದಲು ಬರುತ್ತದೆ. ಕೇಳುವುದರಲ್ಲಿ ಕೆಡುಕೇನೂ ಇಲ್ಲ, ಪರಿಚಯಕ್ಕಾಗಿ ಕೇಳುತ್ತೇವೆ. ಆದರೆ ಉತ್ತರ ಬರುವುದು ತಡವಾದರೆ ಎರಡನೆಯ ಸಲ ಕೇಳದಿರೋಣ. ಧರ್ಮೋಪದೇಶದ ತರಗತಿಯಲ್ಲಿ ತಂದೆಯ ಹೆಸರು ಬರೆಯದ ಮಗುವನ್ನು ಎಲ್ಲರ ಮುಂದೆ ಎಬ್ಬಿಸಿ ನಿಲ್ಲಿಸದಿರೋಣ. ಜ್ಞಾನತಂದೆ, ಜ್ಞಾನತಾಯಿಯಾಗಲು ಯಾರಾದರೂ ಕರೆದರೆ ಅದು ಫೋಟೋಗೆ ನಿಲ್ಲುವ ಕೆಲಸ ಮಾತ್ರವಲ್ಲವೆಂದು ತಿಳಿಯೋಣ. ನೇಪಲ್ಸಿನಲ್ಲಿ ನಾಚಿಕೆಯ ಗುರುತಾಗಿದ್ದ ಎಸ್ಪೋಸಿತೊ ಇಂದು ಆಟಗಾರರ, ನಟರ, ವೈದ್ಯರ, ಗುರುಗಳ ಹೆಸರು. ಅದನ್ನು ಹೊತ್ತವರು ತಲೆ ಎತ್ತಿ ನಡೆದರು, ನೆರೆಹೊರೆಯವರು ಅವರಿಗೆ ಹೆಣ್ಣು ಕೊಟ್ಟರು, ಅವರಿಂದ ಹೆಣ್ಣು ತಂದರು. ಹೊರಗಿಟ್ಟವರ ಹೆಸರು ಹೀಗೆ ಎಲ್ಲರೊಳಗಿನವರ ಹೆಸರಾಯಿತು.