ಅಗ್ಗದ ರೈಫಲ್ ಸಾಕು
ನಾನು ಕೊಡಗಿನವನು. ಕೈಲ್‌ಪೊಳ್ದ್ ದಿನ ಮನೆಯ ಕೋವಿಗೆ ಹೂವಿಟ್ಟು ಪೂಜಿಸಿದ್ದೇನೆ, ಜಿಂಕೆಗೆ ಮಾತ್ರ ಗುರಿಯಿಟ್ಟಿಲ್ಲ. 1972ರ ಕಾಯ್ದೆಯಡಿ ನಮ್ಮಲ್ಲಿ ಅದು ಅಪರಾಧ.

ಈಗ ಕೆಲಸ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ. ಇಲ್ಲಿ ನವೆಂಬರ್ ಕೊನೆಗೆ 9 ದಿನ ಲೈಸೆನ್ಸ್ ಪಡೆದವರು ಬಂದೂಕಿನಿಂದ ಜಿಂಕೆ ಬೇಟೆಯಾಡಬಹುದು. ಕಳೆದ ವರ್ಷ ಸುರಕ್ಷತೆಯ ಕೋರ್ಸ್ ಮುಗಿಸಿ, ಬೋಲ್ಟ್ ಆಕ್ಷನ್ ರೈಫಲ್ ತರಲು ಹೊರಟೆ. ಕೈಯಲ್ಲಿದ್ದದ್ದು 800 ಡಾಲರ್.

ಕಣ್ಣು ಹೋಗಿದ್ದು ವಾಲ್‌ನಟ್ ಮರದ ಹಿಡಿಯಿದ್ದ ಚೆಂದದ ರೈಫಲ್ ಮೇಲೆ. ಜೊತೆಗೆ ಬಂದಿದ್ದ ಪಕ್ಕದ ಮನೆಯ ಹಿರಿಯರು ಕೇಳಿದರು, "ಎಲ್ಲ ದುಡ್ಡು ಇದಕ್ಕೇ ಸುರಿದ್ರೆ ಪ್ರಾಕ್ಟೀಸ್ ಯಾವುದರಲ್ಲಿ ಮಾಡ್ತೀಯಾ?"

ಕೊನೆಗೆ ತಂದಿದ್ದು ಪ್ಲಾಸ್ಟಿಕ್ ಹಿಡಿಯ ಸ್ಯಾವೇಜ್ ಆಕ್ಸಿಸ್. ಭುಜಕ್ಕೆ ಒದೆತ ಕಡಿಮೆ ಇರಲಿ ಅಂತ .243 ಕ್ಯಾಲಿಬರ್. ಉಳಿದ ದುಡ್ಡು ಸ್ಕೋಪಿಗೆ, ಗುಂಡಿಗೆ.

ಮೊದಲ ದಿನ ಹೆದರಿ ಕಣ್ಣು ಮುಚ್ಚಿದ್ದೆ. 100 ಗಜದಲ್ಲಿ ಹಾರಿಸಿದ 5 ಗುಂಡೂ ಊಟದ ತಟ್ಟೆಯಷ್ಟು ಅಗಲಕ್ಕೆ ಚದುರಿದ್ದವು. ಅಷ್ಟು ತಪ್ಪಿದರೆ ಜಿಂಕೆ ಸಾಯಲ್ಲ, ಗಾಯ ಹೊತ್ತು ಕಾಡಲ್ಲಿ ನರಳುತ್ತೆ. ಪ್ರತಿ ಶನಿವಾರ ಹೋದೆ. ಅಕ್ಟೋಬರ್ ಹೊತ್ತಿಗೆ ಐದೂ ಅಂಗೈಯಗಲದೊಳಗೆ ಬಿದ್ದವು.

ಬೇಟೆಯ ಮೊದಲ ಬೆಳಿಗ್ಗೆ ಒಂದು ಗಂಡು ಜಿಂಕೆ ಬಂತು, ಸುಮಾರು 200 ಗಜ ದೂರದಲ್ಲಿ. ನಾನು ಕಲಿತದ್ದು 100ಕ್ಕೆ. ಟ್ರಿಗರ್‌ನಿಂದ ಬೆರಳು ತೆಗೆದೆ. ಈ ವರ್ಷ 200 ಗಜಕ್ಕೆ ಪ್ರಾಕ್ಟೀಸ್ ನಡೀತಿದೆ, ಅದೇ ಅಗ್ಗದ ರೈಫಲ್‌ನಲ್ಲಿ.